ಗೊತ್ತಿರುವ ಪಾಠದ ಮುಂದೆ ಕೂತ ಮಗು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ಈಗ ತಾಯಿತಂದೆಯರು; ಮೊದಮೊದಲ ವರ್ಷಗಳವರು ಅಜ್ಜ-ಅಜ್ಜಿಯರೂ ಆಗಿದ್ದಾರೆ. ಮದುವೆಯ ಚಪ್ಪರದಲ್ಲೋ ಕೊಪ್ಪದ ಬಸ್ ನಿಲ್ದಾಣದಲ್ಲೋ ಎದುರಾದಾಗ, ಕ್ಷೇಮಸಮಾಚಾರ, ಅಡಿಕೆ ಧಾರಣೆ, ಮಳೆಯ ಲೆಕ್ಕ ಎಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ. “ಮೇಷ್ಟ್ರೇ, ಮನೆಯಲ್ಲಿ ಇವನು ಬಹಳ ಚುರುಕು, ಒಂದು ಸಲ ಹೇಳಿದರೆ ಸಾಕು. ಶಾಲೆಯಿಂದ ಮಾತ್ರ ದಿನಾ ದೂರು. ಗಮನ ಸಾಲದಂತೆ, ಕಿಟಕಿಯ ಹೊರಗೇ ನೋಡುತ್ತಾನಂತೆ, ಪಕ್ಕದವರನ್ನು ಮಾತಿಗೆಳೆಯುತ್ತಾನಂತೆ. ಏನು ಮಾಡುವುದು?” ಬಸ್ಸು ಬರುವುದರೊಳಗೆ ಉತ್ತರ ಹೇಳಿ ಮುಗಿಸುವ ಪ್ರಶ್ನೆಯಲ್ಲ ಇದು. ಆದುದರಿಂದ ನನಗೆ ತಿಳಿದಷ್ಟನ್ನು ಇಲ್ಲಿ ಸಾವಧಾನವಾಗಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಚುರುಕಾದ ಮಗುವಿನ ಅನ್ಯಮನಸ್ಕತೆ ಅನೇಕ ವೇಳೆ ಒಂದು ಬಗೆಯ ಹಸಿವು. ಕೆಲವರು ಅದನ್ನು ಉದ್ಧಟತನವೆಂದು ದಂಡಿಸುತ್ತಾರೆ, ಇನ್ನು ಕೆಲವರು ಬುದ್ಧಿವಂತಿಕೆಯ ಲಕ್ಷಣವೆಂದು ಹೊಗಳುತ್ತಾರೆ. ಎರಡರಿಂದಲೂ ಹೊಟ್ಟೆ ತುಂಬುವುದಿಲ್ಲ. ಆ ಮಗುವಿಗೆ ಬೇಕಾದುದು ಅದರ ಶಕ್ತಿಗೆ ತಕ್ಕಷ್ಟು ಕಷ್ಟವಾದ ಕೆಲಸ. ಅದನ್ನು ಒದಗಿಸುವುದಕ್ಕೆ, ನಾವು ಕೊರತೆಯೆಂದೇ ತಿಳಿದಿರುವ ಮಲೆನಾಡಿನ ಪುಟ್ಟ ಶಾಲೆಯಲ್ಲಿ ದೊಡ್ಡ ಶಾಲೆಗಿಂತ ಹೆಚ್ಚಿನ ಅನುಕೂಲವಿದೆ ಎಂಬುದು ನನ್ನ ಅನುಭವ.

ಮುಂದೆ ಹೋಗುವ ಮುನ್ನ ಒಂದು ಎಚ್ಚರಿಕೆಯ ಮಾತು. ಗಮನ ಕೊಡದ ಮಕ್ಕಳೆಲ್ಲರೂ ಪ್ರತಿಭಾವಂತರೆಂದು ನಾನು ಹೇಳುತ್ತಿಲ್ಲ. ಕಪ್ಪುಹಲಗೆ ಮಬ್ಬಾಗಿ ಕಾಣುವ ಮಗುವೂ ಕಿಟಕಿಯ ಕಡೆ ನೋಡುತ್ತದೆ. ಕಿವಿ ಮಂದವಾದ ಮಗುವೂ ಕರೆದಾಗ ಓಗೊಡುವುದಿಲ್ಲ. ಬೆಳಿಗ್ಗೆ ತಿಂಡಿಯಿಲ್ಲದೆ, ಕಾಲುಸಂಕ ದಾಟಿ, ಮೂರು ಮೈಲಿ ಮಳೆಯಲ್ಲಿ ನಡೆದು, ಒದ್ದೆ ಬಟ್ಟೆಯಲ್ಲಿ ಕುಳಿತ ಮಗುವಿನಿಂದ ಏಕಾಗ್ರತೆಯನ್ನು ನಿರೀಕ್ಷಿಸುವುದೇ ತಪ್ಪು. ರಾತ್ರಿಯಿಡೀ ಮನೆಯಲ್ಲಿ ಜಗಳ ಕೇಳಿ ನಿದ್ದೆಗೆಟ್ಟು ಬಂದ ಮಕ್ಕಳಿಗೂ ಇದು ಅನ್ವಯಿಸುತ್ತದೆ. ಇನ್ನು ವೈದ್ಯರು ಎ.ಡಿ.ಎಚ್.ಡಿ. ಎಂದು ಕರೆಯುವ ಅವಧಾನದ ತೊಂದರೆ ನಿಜವಾದ ತೊಂದರೆ. ಅದಕ್ಕೆ ತಜ್ಞರ ಸಲಹೆ ಬೇಕು. ಅದು ಸಾಮಾನ್ಯವಾಗಿ ಶಾಲೆಯಲ್ಲಿ ಮಾತ್ರವಲ್ಲದೆ ಮನೆ, ಆಟ, ಊಟ ಎಲ್ಲ ಕಡೆಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಒಂದೇ ಮಗುವಿನಲ್ಲಿ ಪ್ರತಿಭೆಯೂ ಈ ತೊಂದರೆಯೂ ಒಟ್ಟಿಗೆ ಇರಬಹುದು. ಆದುದರಿಂದ ತಾಯಿತಂದೆಯರು ತಾವೇ ತೀರ್ಪು ಕೊಡದೆ ಮೊದಲು ಕಣ್ಣು, ಕಿವಿ, ನಿದ್ದೆ, ಊಟ ಇವನ್ನು ನೋಡಬೇಕು. ಅನುಮಾನವಿದ್ದರೆ ವೈದ್ಯರನ್ನು ಕೇಳಬೇಕು.

ಆ ಎಲ್ಲವನ್ನೂ ನೋಡಿದ ಮೇಲೂ ಒಂದು ಗುಂಪು ಉಳಿಯುತ್ತದೆ. ಹೊಸ ವಿಷಯ ಬಂದಾಗ ಈ ಮಗುವಿನ ಕಣ್ಣು ಅರಳುತ್ತದೆ. ಅದೇ ವಿಷಯ ನಾಲ್ಕನೆಯ ಸಲ ಬಂದಾಗ ಮನಸ್ಸು ಎದ್ದು ಹೊರಗೆ ಹೋಗುತ್ತದೆ. ಮನೆಯಲ್ಲಿ ಹಳೆಯ ರೇಡಿಯೋ ಬಿಚ್ಚಿ ಕುಳಿತರೆ ಎರಡು ಗಂಟೆ ಅಲುಗಾಡದ ಹುಡುಗ ತರಗತಿಯಲ್ಲಿ ಹತ್ತು ನಿಮಿಷ ಕುಳಿತಿರಲಾರ. ಅವನಲ್ಲಿ ಗಮನದ ಶಕ್ತಿಗೆ ಕೊರತೆಯಿಲ್ಲ, ಅದಕ್ಕೆ ಆಹಾರವಿಲ್ಲ.

ಇದನ್ನು ಬೇರೆ ದೇಶಗಳಲ್ಲಿ ಶಾಸ್ತ್ರೀಯವಾಗಿ ಅಭ್ಯಸಿಸಿದವರಿದ್ದಾರೆ. ಮಿಹಾಯ್ ಚಿಕ್ಸೆಂಟ್‌ಮಿಹಾಯ್ ಎಂಬ ಮನಶ್ಶಾಸ್ತ್ರಜ್ಞರು 1975ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಈ ವಿಚಾರವನ್ನು ಬಹಳ ಸರಳವಾದ ಲೆಕ್ಕದಂತೆ ಇಟ್ಟರು. ಕೆಲಸದ ಕಷ್ಟ ನಮ್ಮ ಸಾಮರ್ಥ್ಯಕ್ಕಿಂತ ಹೆಚ್ಚಾದರೆ ಅಂಜಿಕೆ, ಕಡಿಮೆಯಾದರೆ ಬೇಸರ, ಎರಡೂ ಸರಿದೂಗಿದಾಗ ತನ್ಮಯತೆ. ಅಮೆರಿಕದ ಲೀಟಾ ಹಾಲಿಂಗ್‌ವರ್ತ್ ಎಂಬ ಮಹಿಳೆ ಇದಕ್ಕೂ ಬಹಳ ಮೊದಲು ನ್ಯೂಯಾರ್ಕಿನ ಶಾಲೆಗಳಲ್ಲಿ ಇಂತಹ ಮಕ್ಕಳ ಜತೆಗೇ ಕೆಲಸ ಮಾಡಿದವರು. ಅವರು ತೀರಿಕೊಂಡ ಮೇಲೆ, 1942ರಲ್ಲಿ, ಹೊರಬಂದ ಅವರ ಗ್ರಂಥದಲ್ಲಿ ಒಂದು ಮಾತಿದೆ. ಬುದ್ಧಿಸೂಚ್ಯಂಕ 140ರಷ್ಟಿರುವ ಮಗು ಸಾಮಾನ್ಯ ಪ್ರಾಥಮಿಕ ಶಾಲೆಯಲ್ಲಿ ತನ್ನ ಅರ್ಧದಷ್ಟು ಸಮಯವನ್ನು ವ್ಯರ್ಥವಾಗಿ ಕಳೆಯುತ್ತದೆ. 170ಕ್ಕೂ ಮೇಲಿನ ಮಗುವಿಗೆ ಹೆಚ್ಚುಕಡಿಮೆ ಇಡೀ ಸಮಯವೇ ವ್ಯರ್ಥ ಎಂಬುದು ಅದರ ಭಾವ. ಸೂಚ್ಯಂಕದ ಅಂಕಿಗಳ ಮೇಲೆ ನನಗೆ ಅಷ್ಟಾಗಿ ಭಕ್ತಿಯಿಲ್ಲ. ಆದರೆ ದಿನಕ್ಕೆ ಐದಾರು ಗಂಟೆ, ವರ್ಷಕ್ಕೆ ಇನ್ನೂರು ಚಿಲ್ಲರೆ ದಿನ, ಗೊತ್ತಿರುವುದನ್ನೇ ಕೇಳುತ್ತ ಕೂರುವ ಶಿಕ್ಷೆಯನ್ನು ದೊಡ್ಡವರಾದ ನಾವು ಒಂದು ವಾರವಾದರೂ ಸಹಿಸುತ್ತಿದ್ದೆವೆಯೆ? ಒಂದು ಸಭೆಯಲ್ಲಿ ಭಾಷಣಕಾರರು ಅದೇ ಮಾತನ್ನು ಎರಡನೆಯ ಸಲ ಹೇಳಿದರೆ ನಾವು ಗಡಿಯಾರ ನೋಡಿಕೊಳ್ಳುತ್ತೇವೆ.

ಈ ಬೇಸರ ಎರಡು ರೂಪದಲ್ಲಿ ಕಾಣುತ್ತದೆ. ಒಂದು ಗದ್ದಲದ ರೂಪ, ಮತ್ತೊಂದು ಮೌನದ ರೂಪ. ಗದ್ದಲದ ಹುಡುಗ ಅಧಿಕಪ್ರಸಂಗಿ ಎನ್ನಿಸಿಕೊಂಡರೂ ನಾಲ್ಕು ಜನರ ಕಣ್ಣಿಗೆ ಬೀಳುತ್ತಾನೆ. ಮೌನದ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ, ಮತ್ತು ನನ್ನ ಸೇವಾವಧಿಯಲ್ಲಿ ನಾನು ಕಂಡಂತೆ ಅದು ಹೆಚ್ಚಾಗಿ ಹೆಣ್ಣುಮಗು. ಲೆಕ್ಕ ಮೊದಲೇ ಮುಗಿಸಿ, ಮುಗಿಸಿಲ್ಲದವಳಂತೆ ಸ್ಲೇಟಿನ ಮೇಲೆ ಕೈಯಿಟ್ಟು ಕೂರುತ್ತಾಳೆ. ಬೇಗ ಮುಗಿಸಿದರೆ ಎಲ್ಲರೂ ತಿರುಗಿ ನೋಡುತ್ತಾರೆಂಬ ಸಂಕೋಚ. ಹೀಗೆ ನಾಲ್ಕೈದು ವರ್ಷ ನಡೆದರೆ ನಿಧಾನವಾಗಿ ಮಾಡುವುದೇ ಅಭ್ಯಾಸವಾಗುತ್ತದೆ. ಆಮೇಲೆ ನಾವು “ಚಿಕ್ಕಂದಿನಲ್ಲಿ ಚುರುಕಾಗಿದ್ದಳು, ಈಗ ಮಂಕಾದಳು” ಎನ್ನುತ್ತೇವೆ.

ಇದಕ್ಕಿಂತ ದೊಡ್ಡ ಹಾನಿ ಬೆಳಕಿಗೆ ಬರುವುದು ತಡವಾಗಿ. ಹತ್ತನೆಯ ತರಗತಿಯವರೆಗೆ ಪುಸ್ತಕ ಮುಟ್ಟದೆ ಮೊದಲ ಸ್ಥಾನ ಪಡೆದ ಹುಡುಗ ಪಿ.ಯು.ಸಿ.ಯಲ್ಲಿ ಮುಗ್ಗರಿಸಿದ್ದನ್ನು ನೀವೂ ಕಂಡಿರುತ್ತೀರಿ. ಊರಿನವರು ಪೇಟೆಯ ಸಹವಾಸವೆಂದೂ ದೃಷ್ಟಿಯೆಂದೂ ಹೇಳುತ್ತಾರೆ. ನನಗೆ ತೋರುವ ಕಾರಣ ಬೇರೆ. ಒಂದು ಲೆಕ್ಕ ಬಾರದೆ ಹೋದಾಗ ಅದರ ಮುಂದೆ ಅರ್ಧ ಗಂಟೆ ಸೋತು ಕೂರುವುದು ಹೇಗೆಂಬುದನ್ನು ಆ ಹುಡುಗ ಹತ್ತು ವರ್ಷಗಳಲ್ಲಿ ಒಮ್ಮೆಯೂ ಕಲಿಯಲಿಲ್ಲ. ಕಲಿಯುವ ಸಂದರ್ಭವೇ ಬರಲಿಲ್ಲ. ಮೊದಲ ಸಲ ಕಷ್ಟ ಎದುರಾದಾಗ ಅವನು ಅದನ್ನು ಕಷ್ಟವೆಂದು ತಿಳಿಯದೆ ತನ್ನ ಬುದ್ಧಿಯೇ ಮುಗಿಯಿತೆಂದು ತಿಳಿದ. ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆ ಸಸಿಯನ್ನು ಪಾಲಿಥೀನ್ ಚೀಲದಲ್ಲಿ ಅವಧಿ ಮೀರಿ ಬಿಟ್ಟರೆ ಮೇಲೆ ಹಸುರಾಗಿಯೇ ಕಾಣುತ್ತದೆ. ಒಳಗೆ ಬೇರು ಹೋಗಲು ಜಾಗವಿಲ್ಲದೆ ತನ್ನನ್ನು ತಾನೇ ಸುತ್ತಿಕೊಂಡಿರುತ್ತದೆ. ಆಮೇಲೆ ಎಷ್ಟು ಒಳ್ಳೆಯ ಗುಂಡಿಯಲ್ಲಿ ನೆಟ್ಟರೂ ಅದು ಹಿಡಿದುಕೊಳ್ಳಲು ಕಷ್ಟಪಡುತ್ತದೆ.

ಇನ್ನೊಂದು ಮಾತನ್ನು ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕಾಗಿದೆ. ಬೇಸರ ಎಲ್ಲ ಮಕ್ಕಳಿಗೂ ಒಂದೇ. ಅದಕ್ಕೆ ನಾವು ಕೊಡುವ ಅರ್ಥ ಮಾತ್ರ ಒಂದೇ ಅಲ್ಲ. ಜಮೀನುದಾರರ ಮಗ ಪಾಠ ಕೇಳದಿದ್ದರೆ “ಬುದ್ಧಿವಂತ, ಅದಕ್ಕೇ ಹೀಗೆ” ಎನ್ನುತ್ತೇವೆ. ಕಾಫಿ ತೋಟದ ಲೈನ್ ಮನೆಯಿಂದ ಬರುವ ಮಗು ಅದನ್ನೇ ಮಾಡಿದರೆ “ಇವನ ತಲೆಗೆ ಹತ್ತುವುದಿಲ್ಲ” ಎಂದು ಹಿಂದಿನ ಸಾಲಿಗೆ ಕಳುಹಿಸುತ್ತೇವೆ. ನರಸಿಂಹರಾಜಪುರ ತಾಲೂಕಿನ ಶಾಲೆಯೊಂದರಲ್ಲಿ ನಾನು ಕಪ್ಪುಹಲಗೆಯ ಮೂಲೆಯಲ್ಲಿ ದಿನವೂ ಒಂದು ಪ್ರಶ್ನೆ ಬರೆದಿಡುವ ಪದ್ಧತಿ ಇಟ್ಟುಕೊಂಡಿದ್ದೆ. ಯಾರು ಬೇಕಾದರೂ ಬಿಡಿಸಬಹುದು, ಬಿಡಿಸದಿದ್ದರೂ ದಂಡನೆಯಿಲ್ಲ. ಒಂದು ದಿನದ ಪ್ರಶ್ನೆ ಇದು: 1ರಿಂದ 100ರವರೆಗೆ ಬರೆಯುತ್ತ ಹೋದರೆ 9 ಎಂಬ ಅಂಕಿಯನ್ನು ಎಷ್ಟು ಸಲ ಬರೆಯುತ್ತೇವೆ? ಮುಂದಿನ ಸಾಲಿನವರು ಹತ್ತು ಎಂದರು. ಇಬ್ಬರು ಹತ್ತೊಂಬತ್ತು ಎಂದರು. ಬಾಗಿಲ ಬಳಿ ಕೂತಿದ್ದ ಒಬ್ಬ ಹುಡುಗ, ಹೊರಜಿಲ್ಲೆಯಿಂದ ಕೊಯ್ಲಿನ ಕೆಲಸಕ್ಕೆ ಬಂದವರ ಮಗ, ಕನ್ನಡ ಓದುವುದರಲ್ಲಿ ಹಿಂದುಳಿದವನೆಂದು ಹೆಸರಾದವನು, “ಇಪ್ಪತ್ತು” ಎಂದ. ಹೇಗೆಂದು ಕೇಳಿದೆ. “ಬಿಡಿಯಲ್ಲಿ ಹತ್ತು, ಹತ್ತರ ಜಾಗದಲ್ಲಿ ಹತ್ತು, ತೊಂಬತ್ತೊಂಬತ್ತರಲ್ಲಿ ಎರಡಿದೆ” ಎಂದು ನೆಲ ನೋಡುತ್ತ ಹೇಳಿದ. ಅದಾದ ಮೇಲೆ ಪ್ರತಿದಿನ ಅವನು ತರಗತಿಗೆ ಬಂದೊಡನೆ ಮೊದಲು ನೋಡುತ್ತಿದ್ದುದು ಹಲಗೆಯ ಮೂಲೆಯನ್ನು. ಓದುವಿಕೆಯೂ ಸುಧಾರಿಸಿತು, ಏಕೆಂದರೆ ಪ್ರಶ್ನೆಯನ್ನು ಓದದೆ ಬಿಡಿಸುವಂತಿರಲಿಲ್ಲ. ಕೊಯ್ಲು ಮುಗಿಯಿತು, ಸಂಸಾರ ಬೇರೆ ಕಡೆ ಹೊರಟಿತು. ವರ್ಗಾವಣೆ ಪತ್ರದ ಜತೆಗೆ, “ಈ ಹುಡುಗನಿಗೆ ಗಣಿತದಲ್ಲಿ ಒಂದು ತರಗತಿ ಮೇಲಿನ ಲೆಕ್ಕ ಕೊಡಿರಿ” ಎಂದು ಒಂದು ಚೀಟಿ ಬರೆದುಕೊಟ್ಟೆ. ಅದು ಮುಂದಿನ ಶಾಲೆಯ ಮೇಷ್ಟರ ಕೈ ಸೇರಿತೋ, ಬಸ್ಸಿನಲ್ಲೇ ಉಳಿಯಿತೋ. ಇಂತಹ ಎಷ್ಟು ಮಕ್ಕಳು ನಮ್ಮ ತೋಟಗಳ ಲೈನುಗಳಿಂದ ಬಂದು, ಯಾರಿಗೂ ತಿಳಿಯದೆ ಹೋಗಿರಬಹುದು!

ಒಂದೇ ವಯಸ್ಸಿನ ನಲವತ್ತು ಮಕ್ಕಳನ್ನು ಒಂದು ಕೊಠಡಿಯಲ್ಲಿ ಕೂರಿಸಿ, ಒಂದೇ ದಿನ ಒಂದೇ ಪುಟವನ್ನು ಎಲ್ಲರಿಗೂ ಹೇಳುವ ಕ್ರಮ ಅನಾದಿಕಾಲದ್ದೆಂದು ನಾವು ಭಾವಿಸಿದ್ದೇವೆ. ಹಾಗೇನೂ ಇಲ್ಲ. ನಮ್ಮ ಅಜ್ಜಂದಿರ ಕಾಲದ ಕೂಲಿಮಠಗಳಲ್ಲಿ ತರಗತಿಗಳೇ ಇರಲಿಲ್ಲ. ಮರಳಿನ ಮೇಲೆ ಅಕ್ಷರ ತಿದ್ದುವವನೂ, ಮಗ್ಗಿ ಒಪ್ಪಿಸುವವನೂ, ಕಡತ ಓದುವವನೂ ಒಂದೇ ಜಗಲಿಯಲ್ಲಿ ಕೂರುತ್ತಿದ್ದರು. ಮುಂದಿದ್ದವನು ಹಿಂದಿನವನಿಗೆ ಹೇಳಿಕೊಡುತ್ತಿದ್ದ. ತಾನು ಅಯ್ಯನವರಿಂದ ಮುಂದಿನದನ್ನು ಕಲಿಯುತ್ತಿದ್ದ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ. ಡಿ. ಕ್ಯಾಂಪ್‌ಬೆಲ್ ಎಂಬ ಆಂಗ್ಲ ಅಧಿಕಾರಿ ತನ್ನ ಜಿಲ್ಲೆಯ 533 ಶಾಲೆಗಳ, 6,641 ವಿದ್ಯಾರ್ಥಿಗಳ ವಿಚಾರವಾಗಿ ಸರ್ಕಾರಕ್ಕೆ ವರದಿ ಬರೆದಾಗ, ಇತರ ವಿಷಯಗಳಲ್ಲಿ ಟೀಕಿಸಿದರೂ ಈ ಒಂದು ಕ್ರಮವನ್ನು ಮನಸಾರೆ ಮೆಚ್ಚಿದ. ಮುಂದುವರಿದ ಹುಡುಗರು ಹಿಂದಿನವರಿಗೆ ಕಲಿಸುತ್ತಲೇ ತಮ್ಮ ತಿಳಿವನ್ನೂ ಗಟ್ಟಿಮಾಡಿಕೊಳ್ಳುತ್ತಾರೆ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವಾಗಿಯೇ ಇದೆ ಎಂಬುದು ಅವನ ಮಾತಿನ ಸಾರ. ಅನುಕರಣೆಯ ವಿಚಾರ ಸುಳ್ಳಲ್ಲ. ಮದರಾಸಿನ ಅನಾಥಾಲಯದ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ ಇಂತಹುದೇ ಕ್ರಮವನ್ನು ಬಳಸಿ, 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ. ಅದು ಅಲ್ಲಿ ಮದರಾಸು ಪದ್ಧತಿ ಎಂದೇ ಹೆಸರಾಯಿತು.

ಕೂಲಿಮಠವನ್ನು ನಾನು ಆದರ್ಶವೆಂದು ಹೊಗಳುತ್ತಿಲ್ಲ. ಅಲ್ಲಿ ಬೆತ್ತವಿತ್ತು, ಅರ್ಥವಿಲ್ಲದ ಬಾಯಿಪಾಠವಿತ್ತು. ಹೆಣ್ಣುಮಕ್ಕಳಿಗೂ ದಲಿತರಿಗೂ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. ಆದರೆ ಒಂದು ಅನ್ಯಾಯ ಮಾತ್ರ ಅಲ್ಲಿರಲಿಲ್ಲ. ಬಂದ ಪಾಠವನ್ನು ಬಾರದವರಿಗಾಗಿ ಇಡೀ ವರ್ಷ ಕಾಯುವ ಶಿಕ್ಷೆ ಯಾರಿಗೂ ಇರಲಿಲ್ಲ.

ಆ ಗುಣ ನಮ್ಮ ಕಾಲದಲ್ಲಿ ಯೋಜನೆಯಿಂದಲ್ಲ, ಬಡತನದಿಂದ ಉಳಿದುಕೊಂಡದ್ದು ಮಲೆನಾಡಿನ ಏಕೋಪಾಧ್ಯಾಯ ಶಾಲೆಗಳಲ್ಲಿ. ಶೃಂಗೇರಿ ತಾಲೂಕಿನ ಒಂದು ಶಾಲೆಯಲ್ಲಿ ನಾನಿದ್ದಾಗ ಒಂದರಿಂದ ನಾಲ್ಕನೆಯವರೆಗೆ ಎಲ್ಲರೂ ಒಂದೇ ಕೊಠಡಿ, ನಾಲ್ಕು ಸಾಲು, ಒಬ್ಬ ಮೇಷ್ಟ್ರು. ನಾಲ್ಕನೆಯವರಿಗೆ ಭಾಗಾಕಾರ ಹೇಳುವಾಗ ಎರಡನೆಯ ಸಾಲಿನ ಒಬ್ಬಳು ತನ್ನ ಕಾಪಿ ಬರೆಯುತ್ತಲೇ ಕಿವಿಯನ್ನು ಇತ್ತ ಇಟ್ಟಿರುತ್ತಿದ್ದಳು. ಒಂದು ದಿನ ನಾಲ್ಕನೆಯವರಲ್ಲಿ ಯಾರೂ ಶೇಷ ಹೇಳಲಿಲ್ಲ. ಅವಳು ತಲೆ ಎತ್ತದೆ ಹೇಳಿದಳು. ಮರುದಿನದಿಂದ ಲೆಕ್ಕದ ಹೊತ್ತಿಗೆ ಅವಳು ನಾಲ್ಕನೆಯವರ ಸಾಲಿಗೆ ಬಂದು ಕೂರುವಳು, ಕನ್ನಡದ ಹೊತ್ತಿಗೆ ತನ್ನ ಸಾಲಿಗೆ ಹೋಗುವಳು. ಇದಕ್ಕೆ ಸುತ್ತೋಲೆ ಬೇಕಾಗಲಿಲ್ಲ, ಹಣ ಬೇಕಾಗಲಿಲ್ಲ. ನಾಲ್ಕು ಹೆಜ್ಜೆ ನಡೆದರೆ ಸಾಕಾಗಿತ್ತು. ಗೆಳತಿಯರಿಂದ ದೂರವಾಗಲೂ ಇಲ್ಲ. ಮುಂದೆ ಅವಳನ್ನು ಪೇಟೆಯ ದೊಡ್ಡ ಶಾಲೆಗೆ ಸೇರಿಸಿದರು. ಅಲ್ಲಿ ಮೂರನೆಯ ತರಗತಿಗೆ ಬೇರೆ ಕೊಠಡಿ, ಬೇರೆ ಬಾಗಿಲು, ಬೇರೆ ಮೇಷ್ಟ್ರು. ಆರು ತಿಂಗಳ ಮೇಲೆ ಅವಳ ತಂದೆ ಅಂಕಪಟ್ಟಿ ತಂದು ತೋರಿಸಿದರು. ಅಂಕಗಳೆಲ್ಲ ಚೆನ್ನಾಗಿದ್ದವು, ಕೆಳಗೆ ಷರಾ, “ಪಾಠದಲ್ಲಿ ಗಮನ ಸಾಲದು.” ಮಗು ಬದಲಾಗಿರಲಿಲ್ಲ. ಮೇಲಿನ ಪಾಠ ಕೇಳಿಸದಂತೆ ಗೋಡೆ ಎದ್ದಿತ್ತು, ಅಷ್ಟೇ.

ನಮ್ಮ ರಾಜ್ಯದಲ್ಲಿ ಸರ್ಕಾರವೇ ಈ ದಾರಿಯಲ್ಲಿ ಒಂದು ಒಳ್ಳೆಯ ಹೆಜ್ಜೆ ಇಟ್ಟದ್ದುಂಟು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, ಯುನಿಸೆಫ್ ನೆರವಿನೊಂದಿಗೆ, ನಲಿ-ಕಲಿ ಆರಂಭವಾಯಿತು. ಮದನಪಲ್ಲೆಯ ಬಳಿಯ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು ಅದನ್ನು ನಮ್ಮ ಶಾಲೆಗಳಿಗೆ ಒಗ್ಗಿಸಿಕೊಂಡರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆ, ಬಳಿಕ ಮೂರನೆಯದಕ್ಕೂ ವಿಸ್ತರಿಸಿತು. ಪಾಠಕ್ಕೆ ಬದಲು ಕಾರ್ಡುಗಳು, ಕಲಿಕಾ ಏಣಿ, ಅದರಲ್ಲಿ ಮೈಲಿಗಲ್ಲುಗಳು. ಶಿಕ್ಷಕರ ಸಹಾಯ ಬೇಕಾದವರದು ಒಂದು ಗುಂಪು, ಗೆಳೆಯರ ಸಹಾಯ ಸಾಕಾದವರದು ಇನ್ನೊಂದು, ತಾವೇ ಕಲಿಯುವವರದು ಮತ್ತೊಂದು. ಯಾರು ಎಲ್ಲಿರುವರೋ ಅಲ್ಲಿಂದ ಮುಂದೆ. ಕಾಗದದ ಮೇಲಿನ ಈ ತತ್ತ್ವ ಎಲ್ಲ ಶಾಲೆಗಳಲ್ಲಿಯೂ ಚೆನ್ನಾಗಿ ನಡೆಯಿತೆಂದು ಹೇಳಲಾರೆ. ಕಾರ್ಡುಗಳನ್ನು ಎಲ್ಲರಿಗೂ ಒಟ್ಟಿಗೆ ಓದಿಸಿ ಮತ್ತೆ ಹಳೆಯ ದಾರಿಗೇ ಬಂದ ಕಡೆಗಳನ್ನೂ ನೋಡಿದ್ದೇನೆ. ಆದರೂ ತತ್ತ್ವ ಸರಿಯಾದದ್ದು. ನನ್ನ ತಕರಾರು ಒಂದೇ. ನಾಲ್ಕನೆಯ ತರಗತಿಗೆ ಬಂದೊಡನೆ ಏಣಿಯನ್ನು ತೆಗೆದು ಮತ್ತೆ ಬೆಂಚು ಹಾಕುತ್ತೇವೆ. ಹತ್ತುವ ರುಚಿ ಕಂಡ ಮಗುವಿಗೆ ಇದು ಇನ್ನೂ ಕಷ್ಟ.

“ಅಂತಹವರಿಗಾಗಿಯೇ ನವೋದಯ ಇದೆಯಲ್ಲ” ಎಂದು ಕೆಲವರು ಹೇಳುತ್ತಾರೆ. ಹೌದು, 1986ರ ರಾಷ್ಟ್ರೀಯ ಶಿಕ್ಷಣ ನೀತಿ ಗ್ರಾಮೀಣ ಪ್ರತಿಭೆಗಾಗಿ ಒತ್ತಾಸೆ ನೀಡಿದ ವಸತಿ ಶಾಲೆಗಳು ಅವು. ನಮ್ಮ ಜಿಲ್ಲೆಯದು ಬಾಳೆಹೊನ್ನೂರಿನಲ್ಲೇ ಇದೆ. ನಮ್ಮ ಭಾಗದ ಎಷ್ಟೋ ಮಕ್ಕಳ ಬದುಕು ಅಲ್ಲಿ ಅರಳಿದೆ, ಅದಕ್ಕೆ ಕೃತಜ್ಞತೆ ಸಲ್ಲಲೇಬೇಕು. ಆದರೆ ಆರನೆಯ ತರಗತಿಗೆ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು, ಅದೂ ಇಡೀ ಜಿಲ್ಲೆಗೆ. ಪರೀಕ್ಷೆಯಲ್ಲಿ ಎಂಬತ್ತೊಂದನೆಯವನಾಗಿ ಬಂದ ಮಗು ಎಲ್ಲಿಗೆ ಹೋಗುತ್ತದೆ? ತನ್ನ ಊರಿನ ಶಾಲೆಗೇ. ಮಗಳನ್ನು ವಸತಿ ಶಾಲೆಗೆ ಕಳುಹಿಸಲು ಮನಸ್ಸಾಗದ ಮನೆಯ ಹುಡುಗಿಯೂ ಅಲ್ಲಿಗೇ. ಅರ್ಜಿ ಹಾಕಬೇಕೆಂದು ತಿಳಿಯದ ಲೈನ್ ಮನೆಯ ಹುಡುಗನೂ ಅಲ್ಲಿಗೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ವಿಶೇಷ ಪ್ರತಿಭೆಯ ಮಕ್ಕಳಿಗೆ ಹೆಚ್ಚುವರಿ ಸಾಮಗ್ರಿ ಕೊಡಬೇಕು, ವಿಷಯವಾರು ಕೂಟಗಳನ್ನು ನಡೆಸಬೇಕು ಎಂಬ ಮಾತುಗಳಿವೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯವರೂ ಇಂತಹ ಮಕ್ಕಳನ್ನು ಶಿಕ್ಷಕರು ಗುರುತಿಸುವ ಬಗೆಯ ಕುರಿತು ಕೆಲಸ ಮಾಡಿದ್ದಾರೆ. ಎಲ್ಲ ಸರಿ. ಆದರೆ ನೀತಿ ಊರಿಗೆ ಬರುವವರೆಗೆ ಮಗುವಿನ ವಯಸ್ಸು ಕಾಯುವುದಿಲ್ಲ.

ಹಾಗಾದರೆ ಮೇಷ್ಟ್ರು ಏನು ಮಾಡಬೇಕು? ಮೊದಲು ಏನು ಮಾಡಬಾರದೆಂದು ಹೇಳುತ್ತೇನೆ. ಹತ್ತು ಲೆಕ್ಕ ಬೇಗ ಮುಗಿಸಿದವನಿಗೆ ಅದೇ ಬಗೆಯ ಇನ್ನೂ ಹತ್ತು ಲೆಕ್ಕ ಕೊಡಬಾರದು. ಅದು ಚುರುಕುತನಕ್ಕೆ ವಿಧಿಸಿದ ದಂಡ. ಮುಂದಿನ ಸಲ ಅವನು ಖಂಡಿತ ನಿಧಾನ ಮಾಡುತ್ತಾನೆ. ಬೇಗ ಮುಗಿಸಿದವಳನ್ನು ಪುಸ್ತಕ ಜೋಡಿಸಲು, ಹಾಜರಿ ಕೂಗಲು, ಕೆಳಗಿನ ತರಗತಿ ಕಾಯಲು ಕಳುಹಿಸುವುದೇ ಪರಿಪಾಠವಾಗಬಾರದು. ಬೇರೆಯವರಿಗೆ ಹೇಳಿಕೊಡುವುದು ಒಳ್ಳೆಯದೇ. ಆದರೆ ಕೂಲಿಮಠದಲ್ಲಿ ಹೇಳಿಕೊಟ್ಟವನಿಗೆ ಅಯ್ಯನವರ ಹತ್ತಿರ ತನ್ನದೂ ಒಂದು ಮುಂದಿನ ಪಾಠವಿತ್ತು ಎಂಬುದನ್ನು ಮರೆಯಬಾರದು. ಅದಿಲ್ಲದಿದ್ದರೆ ಅವಳು ಸಂಬಳವಿಲ್ಲದ ಸಹಾಯಕಿ ಮಾತ್ರ. ಮೂರನೆಯದಾಗಿ, ಬರಿಯ ಹೊಗಳಿಕೆ. ಇದು ಎಲ್ಲಕ್ಕಿಂತ ಅಪಾಯ.

ಹೊಗಳಿಕೆಗೂ ಮಾರ್ಗದರ್ಶನಕ್ಕೂ ಇರುವ ವ್ಯತ್ಯಾಸಕ್ಕೆ ನಮ್ಮ ನೆಲದ ದೃಷ್ಟಾಂತವೇ ಇದೆ. ಕುವೆಂಪು ಹುಟ್ಟಿದ್ದು 1904ರಲ್ಲಿ ನಮ್ಮ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ. ಬೆಳೆದದ್ದು ತೀರ್ಥಹಳ್ಳಿಯ ಕಡೆಯ ಕುಪ್ಪಳಿಯಲ್ಲಿ. ಮೈಸೂರಿನಲ್ಲಿ ಓದುತ್ತಿದ್ದಾಗ, 1922ರಲ್ಲಿಯೇ, ಅವರ ಇಂಗ್ಲಿಷ್ ಕವನಗಳ ಪುಟ್ಟ ಪುಸ್ತಕ ಅಚ್ಚಾಗಿತ್ತು. ಮಲೆನಾಡಿನ ಹುಡುಗನೊಬ್ಬ ಇಂಗ್ಲಿಷಿನಲ್ಲಿ ಪದ್ಯ ಬರೆದನೆಂದರೆ ಬೆನ್ನು ತಟ್ಟಿ ಕಳುಹಿಸಲು ಅದು ಸಾಕಾಗಿತ್ತು. ಆದರೆ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಅವರು ಅಷ್ಟಕ್ಕೆ ಬಿಡಲಿಲ್ಲ. ಕನ್ನಡದಲ್ಲಿ ಏನು ಬರೆದಿದ್ದೀರಿ ಎಂದು ವಿಚಾರಿಸಿ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದರು. ಅಂದರೆ ಮಾಡಿದ ಕೆಲಸಕ್ಕಿಂತ ದೊಡ್ಡದೂ ಕಠಿಣವೂ ಆದ ಕೆಲಸವೊಂದನ್ನು ಎದುರಿಗಿಟ್ಟರು. ಮುಂದಿನದು ಕನ್ನಡ ನಾಡಿಗೆ ಗೊತ್ತು. ಎಲ್ಲ ಮಕ್ಕಳೂ ಕುವೆಂಪು ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ “ಭೇಷ್” ಎಂಬ ಮಾತಿನ ಬೆನ್ನಿಗೆ “ಇನ್ನು ಇದನ್ನು ಮಾಡಿ ನೋಡು” ಎಂಬ ಮಾತು ಎಲ್ಲ ಮಕ್ಕಳಿಗೂ ಸಲ್ಲಬೇಕು.

ಆ “ಇದು” ಏನು ಎಂಬುದು ಮೇಷ್ಟರ ಕಲ್ಪನೆಗೆ ಬಿಟ್ಟದ್ದು. ಗಣಿತದ ಹೊತ್ತಿನಲ್ಲಿ ಭದ್ರಾ ಹೊಳೆಯ ದೋಣಿಗಳ ಚಿತ್ರ ಬರೆಯುತ್ತಿದ್ದ ಎಂಟನೆಯ ತರಗತಿಯ ಹುಡುಗನೊಬ್ಬನಿಗೆ ಪರಿಚಯದ ಕಾಫಿ ಬೆಳೆಗಾರರಿಂದ ಅವರ ತೋಟದ ಹಳೆಯ ಮಳೆ ಪುಸ್ತಕವನ್ನು ಕೇಳಿ ತಂದುಕೊಟ್ಟೆ. ನಿತ್ಯದ ಮಳೆ ಇಂಚು, ಸೆಂಟ್ಸುಗಳಲ್ಲಿ. ಒಂದು ಇಂಚಿಗೆ ನೂರು ಸೆಂಟ್ಸು, 25.4 ಮಿಲಿಮೀಟರು. ಎಲ್ಲವನ್ನೂ ಮಿಲಿಮೀಟರಿಗೆ ತಿರುಗಿಸು, ತಿಂಗಳ ಸರಾಸರಿ ತೆಗೆ, ಯಾವ ವರ್ಷ ಯಾವಾಗ ಮಳೆ ಹಿಡಿಯಿತು ಹೇಳು ಎಂದೆ. ಎರಡು ವಾರಗಳ ಮೇಲೆ ಬಂದು, “ಒಂದು ಆಗಸ್ಟಿನಲ್ಲಿ ಒಂಬತ್ತು ದಿನ ಖಾಲಿ ಇದೆ ಸರ್. ಅದು ಮಳೆ ಬಾರದ ದಿನವೋ, ಬರೆಯದ ದಿನವೋ? ಎರಡಕ್ಕೂ ಸರಾಸರಿ ಬೇರೆ ಬೇರೆ ಬರುತ್ತದೆ” ಎಂದು ಕೇಳಿದ. ಪಠ್ಯಪುಸ್ತಕದಲ್ಲಿ ಇಲ್ಲದ, ಆದರೆ ದೊಡ್ಡ ದೊಡ್ಡವರು ತಲೆ ಕೆಡಿಸಿಕೊಳ್ಳುವ ಪ್ರಶ್ನೆ ಅದು. ಇಬ್ಬರೂ ಕೂತು ಯೋಚಿಸಿದೆವು. ಆಗಸ್ಟಿನಲ್ಲಿ ನಮ್ಮ ಕಡೆ ಒಂಬತ್ತು ದಿನ ಒಟ್ಟಿಗೆ ಒಣಗುವುದು ಅಪರೂಪವಾದುದರಿಂದ, ಬರೆದಿಲ್ಲವೆಂದೇ ತಿಳಿಯುವುದು ಹೆಚ್ಚು ಸರಿ ಎಂದು ಅವನೇ ವಾದಿಸಿದ. ಅವನು ಚಿತ್ರ ಬರೆಯುವುದನ್ನು ಬಿಡಲಿಲ್ಲ. ದೋಣಿಗಳ ಪಕ್ಕದಲ್ಲಿ ಮಳೆಯ ನಕ್ಷೆಗಳು ಬಂದವು.

ನೀವು ಕೇಳಬಹುದು: ಹಿಂದುಳಿದ ಮಕ್ಕಳನ್ನು ಬಿಟ್ಟು ಇವರ ಬೆನ್ನು ಹತ್ತುವುದು ನ್ಯಾಯವೆ? ಈ ಆಕ್ಷೇಪಣೆಯನ್ನು ನಾನು ಗೌರವಿಸುತ್ತೇನೆ. ಓದಲು ಬಾರದ ಮಗುವೇ ಮೇಷ್ಟರ ಮೊದಲ ಋಣ. ಆದರೆ ಮೇಲೆ ಹೇಳಿದ ಯಾವುದಕ್ಕೂ ಹೆಚ್ಚಿನ ಹೊತ್ತು ಬೇಕಾಗಿಲ್ಲ. ಹಲಗೆಯ ಮೂಲೆಯಲ್ಲಿ ಒಂದು ಪ್ರಶ್ನೆ, ಮೇಲಿನ ಸಾಲಿಗೆ ಹೋಗಿ ಕೂರಲು ಅನುಮತಿ, ಬೀಗವಿಲ್ಲದ ಪುಸ್ತಕದ ಕಪಾಟು. ಚುರುಕು ಮಕ್ಕಳು ತಮ್ಮ ಕೆಲಸದಲ್ಲಿ ಮುಳುಗಿದಾಗ ಉಳಿದವರ ಬಳಿ ಕೂರಲು ಮೇಷ್ಟರಿಗೇ ಬಿಡುವು ಸಿಗುತ್ತದೆ. ಯಾರ ಹಣೆಗೂ “ಪ್ರತಿಭಾವಂತ” ಎಂಬ ಚೀಟಿ ಅಂಟಿಸುವುದು ನನಗೆ ಸಮ್ಮತವಲ್ಲ. ಕಠಿಣ ಪ್ರಶ್ನೆಯನ್ನು ಎಲ್ಲರ ಎದುರಿಗೂ ಇಡೋಣ. ಯಾರು ಎತ್ತಿಕೊಳ್ಳುತ್ತಾರೋ ನೋಡೋಣ. ಬಾಗಿಲ ಬಳಿಯ ಹುಡುಗ ಎತ್ತಿಕೊಂಡಾನು.

ಮಕ್ಕಳ ಸಂಖ್ಯೆ ಕುಗ್ಗಿ ನಮ್ಮ ಮೂರು ತಾಲೂಕುಗಳಲ್ಲೂ ಚಿಕ್ಕ ಶಾಲೆಗಳು ಬಾಗಿಲು ಮುಚ್ಚುತ್ತಿವೆ. ಹಳದಿ ವ್ಯಾನುಗಳು ಬೆಳಿಗ್ಗೆಯೇ ಮಕ್ಕಳನ್ನು ತುಂಬಿಕೊಂಡು ಪೇಟೆಗೆ ಹೋಗುತ್ತವೆ. ಅದನ್ನು ತಡೆಯಲು ನನ್ನಿಂದಾಗದು. ತಾಯಿತಂದೆಯರ ಕಾರಣಗಳೂ ಸುಳ್ಳಲ್ಲ. ಆದರೆ ದೊಡ್ಡ ಕಟ್ಟಡಕ್ಕೆ ಹೋಗುವಾಗ ಚಿಕ್ಕ ಕೊಠಡಿಯ ಒಂದು ಗುಣವನ್ನು ಜತೆಗೆ ಒಯ್ಯಬಹುದಲ್ಲವೆ? ನನ್ನ ಶಿಷ್ಯರಲ್ಲಿ ಶಿಕ್ಷಕರಾಗಿರುವವರು ವಾರಕ್ಕೆ ಎರಡು ಅವಧಿಯಾದರೂ ತರಗತಿಯ ಗೋಡೆಯನ್ನು ಮರೆತು, ಲೆಕ್ಕ ಬಂದ ಮಕ್ಕಳನ್ನು ಮೇಲಿನ ತರಗತಿಯ ಲೆಕ್ಕಕ್ಕೆ ಕೂರಿಸಿ ನೋಡಿರಿ. ತಾಯಿತಂದೆಯರಾಗಿರುವವರು ಮುಂದಿನ ಪೋಷಕರ ಸಭೆಯಲ್ಲಿ ಅಂಕಗಳನ್ನು ಕೇಳಿ ಮುಗಿಸಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿರಿ: ಈ ತಿಂಗಳು ನನ್ನ ಮಗು ಯಾವ ವಿಷಯದಲ್ಲಿ ಕಷ್ಟಪಟ್ಟಿತು? ಯಾವುದರಲ್ಲಿಯೂ ಇಲ್ಲ ಎಂಬ ಉತ್ತರ ಬಂದರೆ ಸಂತೋಷಪಡಬೇಡಿರಿ. ಮನೆಗೆ ಹೋಗಿ, ನಿಮಗೂ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯನ್ನು ಹುಡುಕಿ, ಮಗುವಿನ ಪಕ್ಕದಲ್ಲಿ ಕೂತು ಇಬ್ಬರೂ ಬಿಡಿಸಲು ತೊಡಗಿರಿ.